ಕಡ್ಡಿ ಪೂರ್ತಿ ಇದೆ, ನೆಟ್ ಮಾತ್ರ ಇಲ್ಲ

ಪ್ರಶ್ನೆ: ನಾವು ಡೊಂಬಿವಿಲಿ ಪೂರ್ವದಲ್ಲಿ 22 ವರ್ಷದಿಂದ ಇದ್ದೇವೆ. ಮೊದಲು ಒಂದು ಒನ್ ಬಿಎಚ್‌ಕೆ ಇತ್ತು. ಪಕ್ಕದ ಫ್ಲ್ಯಾಟು ಮಾರಾಟಕ್ಕೆ ಬಂದಾಗ ಅದನ್ನೂ ಕೊಂಡು, ನಡುವಿನ ಗೋಡೆಯಲ್ಲಿ ಬಾಗಿಲು ಒಡೆಸಿ ಜೋಡಿ ಫ್ಲ್ಯಾಟು ಮಾಡಿಕೊಂಡೆವು. 100 ಎಂಬಿಪಿಎಸ್ ಫೈಬರ್ ಇದೆ. ಅದರ ವೈಫೈ ಬಾಕ್ಸು ಹಳೆಯ ಹಾಲ್‌ನಲ್ಲಿ, ಟೀವಿ ಹಿಂದೆ. ಮಗ ಹೊಸ ಫ್ಲ್ಯಾಟಿನ ಕೊನೆಯ ಬೆಡ್‌ರೂಮಿನಲ್ಲಿ ಕೂತು ಆಫೀಸ್ ಕೆಲಸ ಮಾಡುತ್ತಾನೆ. ಮೀಟಿಂಗ್ ನಡುವೆ ಅವನ ಮುಖ ಗೊಂಬೆ ಹಾಗೆ ನಿಂತುಬಿಡುತ್ತದಂತೆ. ನನ್ನ ಅಮ್ಮ ಅದೇ ಕಡೆಯ ಹಾಲ್‌ನಲ್ಲಿ ಹಳೆಯ ಟ್ಯಾಬ್ ಹಿಡಿದು ಯಕ್ಷಗಾನ ನೋಡುತ್ತಾರೆ. ಭಾಗವತರು ಪದ ಎತ್ತುವ ಹೊತ್ತಿಗೇ ಚಕ್ರ ತಿರುಗಲು ಶುರು! ಫೈಬರ್ ಹುಡುಗ 300ರ ಪ್ಲಾನ್ ಹಾಕಿಸಿ ಎಂದ. ಅಂಗಡಿಯವರು ವೈಫೈ ಸಿಗ್ನಲ್ಲನ್ನು ಮುಂದಕ್ಕೆ ದಾಟಿಸುವ ರಿಪೀಟರ್ ಕೊಟ್ಟರು. ಅದನ್ನು ಮಗನ ಮೇಜಿನ ಪಕ್ಕದಲ್ಲೇ ಹಾಕಿದ್ದೇವೆ. ಈಗ ಕಡ್ಡಿ ಪೂರ್ತಿ ತೋರಿಸುತ್ತದೆ, ಸ್ಪೀಡ್ ಮಾತ್ರ 8 ದಾಟುವುದಿಲ್ಲ. ಟೀವಿ ಹತ್ತಿರ ನೋಡಿದರೆ 96 ಬರುತ್ತದೆ. ಮಗ ಫೋನಿನ ಆ್ಯಪ್‌ನಲ್ಲಿ ಸಿಗ್ನಲ್ ಅಳೆದ: ಟೀವಿ ಹತ್ತಿರ ಮೈನಸ್ 40, ಬಾಗಿಲ ಹತ್ತಿರ ಮೈನಸ್ 62, ರಿಪೀಟರ್ ಆಫ್ ಮಾಡಿದರೆ ಅವನ ಮೇಜಿನ ಮೇಲೆ ಮೈನಸ್ 78. ಎರಡು ಮೂರು ವೈಫೈ ಡಬ್ಬಿ ಸೇರಿ ಒಂದೇ ಜಾಲವಾಗುವ ಮೆಶ್ ತಗೊಳ್ಳಬೇಕಾ? ಅಂದ ಹಾಗೆ, ನಡುವಿನ ಗೋಡೆಗೆ ಒರಗಿಸಿ ನಮ್ಮ ಹಳೆಯ ಗೋದ್ರೇಜ್ ಕಪಾಟು ಇದೆ. ಅದರಿಂದ ಏನಾದರೂ ತೊಂದರೆಯೇ?

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲು ಓದಿ ನಕ್ಕುಬಿಟ್ಟೆ. ‘ಅಂದ ಹಾಗೆ’ ಎಂದು ಬರೆದಿದ್ದೀರಲ್ಲ, ಅರ್ಧ ಉತ್ತರ ಅಲ್ಲೇ ಇದೆ.

ಮೊದಲು ಖರ್ಚು ಉಳಿಸುವ ಮಾತು. 300ರ ಪ್ಲಾನ್ ಬೇಡ. ಟೀವಿ ಹತ್ತಿರ 96 ಬರುತ್ತಿದೆ ಎಂದರೆ ಕಂಪನಿ ಕೊಡಬೇಕಾದ್ದನ್ನು ಕೊಡುತ್ತಿದೆ. ಒಂದು ಒಳ್ಳೆಯ ವಿಡಿಯೊ ಕಾಲ್‌ಗೆ 3–4 ಎಂಬಿಪಿಎಸ್ ಸಾಕು. ಯಕ್ಷಗಾನವನ್ನು ಎಚ್‌ಡಿಯಲ್ಲೇ ನೋಡಿದರೂ 5ರ ಆಸುಪಾಸು. ಮನೆಯವರೆಲ್ಲ ಒಟ್ಟಿಗೆ ಕೂತರೂ 100 ಖರ್ಚಾಗುವುದು ಕಷ್ಟ. ಟ್ಯಾಂಕಿ ತುಂಬ ನೀರಿದೆ, ಹಿಂದಿನ ಬಚ್ಚಲಿಗೆ ಹೋಗುವ ಪೈಪು ಕಟ್ಟಿದೆ. ಟ್ಯಾಂಕಿ ದೊಡ್ಡದು ಮಾಡಿದರೆ ಆ ಬಚ್ಚಲಿಗೆ ಏನು ಲಾಭ?

ಇನ್ನು ಮಗ ಅಳೆದ ಅಂಕಿಗಳು. ಶಹಭಾಸ್ ಅವನಿಗೆ, ಬಹಳ ಜನ ಇಷ್ಟೂ ಕಳಿಸುವುದಿಲ್ಲ. ಈ ಲೆಕ್ಕ ಸ್ವಲ್ಪ ವಿಚಿತ್ರ. ಸೊನ್ನೆಗೆ ಹತ್ತಿರ ಇದ್ದಷ್ಟೂ ಒಳ್ಳೆಯದು. 3 ಇಳಿದರೆ ಶಕ್ತಿ ಅರ್ಧವಾಯಿತು. 10 ಇಳಿದರೆ ಹತ್ತರಲ್ಲಿ ಒಂದು ಪಾಲು ಉಳಿಯಿತು. ನಿಮ್ಮಲ್ಲಿ 40ರಿಂದ 78ಕ್ಕೆ, ಅಂದರೆ 38 ಇಳಿದಿದೆ. ಟೀವಿ ಹತ್ತಿರ ಇದ್ದ ಸಿಗ್ನಲ್ಲಿನ ಆರು ಸಾವಿರದಲ್ಲಿ ಒಂದು ಪಾಲು ಮಗನ ಮೇಜಿಗೆ ತಲುಪುತ್ತಿದೆ! ಕಾಲ್ ನೆಮ್ಮದಿಯಾಗಿ ನಡೆಯಬೇಕಾದರೆ ಮೈನಸ್ 65ರ ಹತ್ತಿರ ಇರಬೇಕು. 75 ದಾಟಿತೆಂದರೆ ಮುಖ ಗೊಂಬೆಯಾಗುವ ಕಾಲ ಬಂತು ಎಂದೇ ಲೆಕ್ಕ.

ಇದರಲ್ಲಿ ಸ್ವಲ್ಪ ಭಾಗ ದೂರಕ್ಕೆ ಹೋಗುತ್ತದೆ, ಜಾಸ್ತಿ ಹೋಗುವುದು ಗೋಡೆಗಳಿಗೆ. ನೀವು ಬಾಗಿಲಿನಿಂದ ಸುತ್ತಿ ನಡೆದು ಹೋಗುತ್ತೀರಿ. ಸಿಗ್ನಲ್ ಬಹುಪಾಲು ಗೋಡೆ ತೂರಿಕೊಂಡು ನೇರ ಹೋಗಲು ನೋಡುತ್ತದೆ. ಒಂದು ಕಾಗದದ ಮೇಲೆ ಮನೆಯ ನಕ್ಷೆ ಬರೆದು, ವೈಫೈ ಬಾಕ್ಸಿನಿಂದ ಮಗನ ಮೇಜಿಗೆ ಒಂದು ಗೆರೆ ಎಳೆಯಿರಿ. ಹಳೆಯ ಹಾಲ್‌ನ ಗೋಡೆ, ಆಮೇಲೆ ಎರಡು ಫ್ಲ್ಯಾಟುಗಳ ನಡುವಿನ ಗೋಡೆ, ಕೊನೆಗೆ ಮಗನ ಕೋಣೆಯ ಗೋಡೆ. ಹಳೆಯ ಕಟ್ಟಡಗಳಲ್ಲಿ ಒಳಗಿನ ಗೋಡೆ ಸಾಮಾನ್ಯವಾಗಿ ನಾಲ್ಕೂವರೆ ಇಂಚಿನ ಇಟ್ಟಿಗೆ. ಎರಡು ಮನೆಗಳ ನಡುವಿನದು ಒಂಬತ್ತು ಇಂಚು ಇರಬಹುದು, ಜೊತೆಗೆ ಪಿಲ್ಲರ್ರು, ಬೀಮು. ಇಟ್ಟಿಗೆಯನ್ನು ಸಿಗ್ನಲ್ ಹೇಗೋ ದಾಟುತ್ತದೆ. ಕಬ್ಬಿಣದ ಸರಳು ತುಂಬಿದ ಕಾಂಕ್ರೀಟ್ ದಾಟುವಾಗ ಸುಸ್ತಾಗುತ್ತದೆ. ಆದರೆ ಸ್ಟೀಲಿನ ತಗಡನ್ನು ದಾಟುವುದೇ ಇಲ್ಲ, ತಾಗಿ ವಾಪಸು ಬರುತ್ತದೆ. ನಿಮ್ಮ ಗೋದ್ರೇಜ್ ಕಪಾಟು ಆರಡಿ ಎತ್ತರದ ತಗಡು. ಅದರ ಬಾಗಿಲಿಗೆ ಕನ್ನಡಿ ಇದ್ದರೆ ಅದೂ ಅಷ್ಟೇ, ಕನ್ನಡಿಯ ಬೆನ್ನಿಗೆ ಬಳಿದದ್ದೂ ಲೋಹವೇ. ನನ್ನದೇ ಮನೆಯಲ್ಲಿ, ಮುಲುಂಡಿನಲ್ಲಿ, ಒಂದು ಸಲ ರೌಟರನ್ನು ಅಡುಗೆಮನೆಯ ಸ್ಟೀಲ್ ಡಬ್ಬಿಗಳ ಸಾಲಿನ ಮೇಲೆ ಇಟ್ಟು, ಬೆಡ್‌ರೂಮಿನಲ್ಲಿ ಸಿಗ್ನಲ್ ಯಾಕಿಲ್ಲ ಎಂದು ಎರಡು ದಿನ ತಲೆ ಕೆರೆದುಕೊಂಡಿದ್ದೆ. ಈ ಕೆಲಸದಿಂದಲೇ ಹೊಟ್ಟೆ ಹೊರೆಯುವವನು ನಾನು.

ಇವತ್ತು ರಾತ್ರಿಯೇ, ಒಂದು ಪೈಸೆ ಖರ್ಚಿಲ್ಲದೆ ಮಾಡಬಹುದಾದದ್ದು ಇದೆ. ವೈಫೈ ಬಾಕ್ಸನ್ನು ಟೀವಿಯ ಹಿಂದಿನಿಂದ ಹೊರಗೆ ತೆಗೆಯಿರಿ. ಟೀವಿಯ ಬೆನ್ನಲ್ಲೂ ಲೋಹವಿದೆ. ವೈರು ಎಷ್ಟು ಬಿಡುತ್ತದೋ ಅಷ್ಟು ಬಾಗಿಲ ಕಡೆಗೆ, ಎದೆಮಟ್ಟಕ್ಕಿಂತ ಎತ್ತರದಲ್ಲಿ ಇಡಿ. ಕಡ್ಡಿಯಂಥ ಆ್ಯಂಟೆನಾಗಳಿದ್ದರೆ ನೆಟ್ಟಗೆ ನಿಲ್ಲಿಸಿ. ಅದರ ಸಿಗ್ನಲ್ ಹರಡುವ ಆಕಾರ ಉದ್ದಿನ ವಡೆ ಇದ್ದ ಹಾಗೆ. ಕಡ್ಡಿ ವಡೆಯ ತೂತಿನಲ್ಲಿ ನಿಂತಿದೆ ಎಂದುಕೊಳ್ಳಿ. ಸುತ್ತಲೂ ಜೋರು, ನೇರ ಮೇಲೆ ಮತ್ತು ಕೆಳಗೆ ಕಮ್ಮಿ. ಕಡ್ಡಿಯನ್ನು ಮಗನ ಕೋಣೆಯ ಕಡೆಗೆ ಬೆರಳು ತೋರಿಸಿದಂತೆ ಮಲಗಿಸಿದರೆ ತೂತನ್ನೇ ಅವನ ಕಡೆ ತಿರುಗಿಸಿದ ಹಾಗಾಯಿತು. ಬಾಕ್ಸನ್ನು ಒಂದು ಗೇಣು ಆಚೀಚೆ ಸರಿಸಿಯೂ ನೋಡಿ. ವೈಫೈ ಸಾಮಾನ್ಯವಾಗಿ ಓಡುವ ಎರಡು ಬ್ಯಾಂಡುಗಳಲ್ಲಿ 2.4 ಜಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್, 5 ಜಿಗಾಹರ್ಟ್ಸಿನದು ಅದರ ಅರ್ಧದಷ್ಟು. ಗೋಡೆಗೆ ಬಡಿದು ಬಂದ ಅಲೆಗಳು ಒಂದನ್ನೊಂದು ಕೊಲ್ಲುವ ಜಾಗದಿಂದ ಕೂಡುವ ಜಾಗಕ್ಕೆ ಅದಕ್ಕಿಂತಲೂ ಕಮ್ಮಿ ಅಂತರ. ಎಳೆಯುವಾಗ ಒಂದು ಎಚ್ಚರ: ಫೈಬರ್ ತಂತಿಯನ್ನು ಮಡಚಬೇಡಿ. ಒಳಗಿರುವುದು ಗಾಜು. ಸುತ್ತಬೇಕಾದರೆ ಕೈಬಳೆಗಿಂತ ಸಣ್ಣ ಸುತ್ತು ಬೇಡ.

ಆಮೇಲೆ ಆ ರಿಪೀಟರ್. ಮಗನ ಮೇಜಿನ ಪಕ್ಕ ಅದನ್ನು ಹಾಕಿದ್ದೇ ತಪ್ಪು. ನಿಮ್ಮದಲ್ಲ ಬಿಡಿ, ಎಲ್ಲರೂ ಅಲ್ಲೇ ಹಾಕುವುದು. ಎಲ್ಲಿ ಸಿಗ್ನಲ್ ಇಲ್ಲವೋ ಅಲ್ಲಿ ಅಲ್ವಾ ಹಾಕಬೇಕು ಅನ್ನಿಸುತ್ತದೆ. ಆದರೆ ರಿಪೀಟರ್ ತಾನಾಗಿ ನೆಟ್ ಹುಟ್ಟಿಸುವುದಿಲ್ಲ. ಕೇಳಿಸಿದ್ದನ್ನು ತಿರುಗಿ ಹೇಳುತ್ತದೆ, ಅಷ್ಟೇ. ಮೈನಸ್ 78ರ ಜಾಗದಲ್ಲಿ ಕೂತು ಅದಕ್ಕೆ ಅರೆಬರೆ ಕೇಳಿಸುತ್ತಿದೆ. ಆ ಅರೆಬರೆಯನ್ನೇ ದೊಡ್ಡ ಗಂಟಲಿನಲ್ಲಿ ಮಗನ ಲ್ಯಾಪ್‌ಟಾಪಿಗೆ ಹೇಳುತ್ತಿದೆ. ಲ್ಯಾಪ್‌ಟಾಪ್ ತೋರಿಸುವ ಕಡ್ಡಿ ಆ ದೊಡ್ಡ ಗಂಟಲಿನದು. ರಿಪೀಟರಿಗೂ ಟೀವಿ ಹತ್ತಿರದ ಬಾಕ್ಸಿಗೂ ನಡುವೆ ಏನಾಗುತ್ತಿದೆ ಎಂಬುದು ಕಡ್ಡಿಯಲ್ಲಿ ಕಾಣಿಸುವುದೇ ಇಲ್ಲ. ಅದನ್ನು ಕಿತ್ತು ಬಾಗಿಲ ಹತ್ತಿರದ ಪ್ಲಗ್ಗಿಗೆ ಹಾಕಿ, ಮೈನಸ್ 62 ಇದ್ದ ಜಾಗಕ್ಕೆ. ಕಪಾಟನ್ನು ಬೇರೆ ಗೋಡೆಗೆ ಸರಿಸಲು ಜಾಗ ಇದ್ದರೆ ಸರಿಸಿ. ನಮ್ಮ ಕಡೆಯ ಮನೆಗಳಲ್ಲಿ ಕಪಾಟು ಸರಿಸುವುದೆಂದರೆ ಸಂಸಾರವನ್ನೇ ಸರಿಸಿದ ಹಾಗೆ, ಗೊತ್ತು. ಆಗದಿದ್ದರೆ ಬಿಡಿ.

ಇಷ್ಟಕ್ಕೇ 8 ಇದ್ದದ್ದು 25–30 ಆದರೆ ಆಶ್ಚರ್ಯವಿಲ್ಲ. ಆದರೂ ನಾನು ಇಲ್ಲಿಗೆ ನಿಲ್ಲಿಸಿ ಎನ್ನುವುದಿಲ್ಲ. ರಿಪೀಟರಿನ ಹುಟ್ಟುಗುಣವೇ ಹಾಗೆ. ಒಂದೇ ರೇಡಿಯೊದಲ್ಲಿ ಮೊದಲು ಕೇಳಬೇಕು, ಆಮೇಲೆ ಹೇಳಬೇಕು. ಎರಡನ್ನೂ ಒಟ್ಟಿಗೆ ಮಾಡಲು ಆಗುವುದಿಲ್ಲ. ಹಾಗಾಗಿ ವೇಗ ಅರ್ಧಕ್ಕೆ ಬರುತ್ತದೆ. ಎರಡು ಬ್ಯಾಂಡಿನ ರಿಪೀಟರ್‌ನಲ್ಲಿ ಈ ಕಾಟ ಸ್ವಲ್ಪ ಕಮ್ಮಿ.

ನಿಮ್ಮ ಮನೆಗೆ ಬೇಕಾದದ್ದು ಒಂದು ವೈರು. ಇಷ್ಟೇ ನನ್ನ ಉತ್ತರ. ಹಳೆಯ ಹಾಲ್‌ನ ಬಾಕ್ಸಿನಿಂದ ಹೊಸ ಫ್ಲ್ಯಾಟಿಗೆ ಒಂದು ಲ್ಯಾನ್ ಕೇಬಲ್ ಎಳೆಸಿ, ಅದರ ತುದಿಗೆ ಇನ್ನೊಂದು ವೈಫೈ ರೌಟರ್ ಕೂರಿಸಿ. ಗೋಡೆ ದಾಟುವ ಕೆಲಸವನ್ನು ತಾಮ್ರ ಮಾಡಲಿ, ಕೋಣೆ ತುಂಬುವ ಕೆಲಸವನ್ನು ಗಾಳಿ ಮಾಡಲಿ.

ಜಾಸ್ತಿ ಪವರಿನ ರೌಟರ್ ತಂದರೆ ಆಗದೇ ಎಂದು ಅಂಗಡಿಯಲ್ಲಿ ಹೇಳುತ್ತಾರೆ. ಯಕ್ಷಗಾನದ ಬಯಲಿನಲ್ಲಿ ಮೈಕ್ ಎಷ್ಟು ಜೋರಿದ್ದರೂ ಹಿಂದಿನ ಸಾಲಿನಲ್ಲಿ ಕೂತವನ ಮಾತು ಭಾಗವತರಿಗೆ ಕೇಳಬೇಕಲ್ಲ? ವೈಫೈ ಎರಡೂ ಕಡೆಯ ಮಾತುಕತೆ. ರೌಟರ್ ಕೂಗಬಹುದು, ಅಮ್ಮನ ಟ್ಯಾಬಿನ ಸಣ್ಣ ಗಂಟಲು ಅಷ್ಟೇ ಇರುತ್ತದೆ.

ಆ ಟ್ಯಾಬಿನ ಬಗ್ಗೆ ಇನ್ನೊಂದು ಮಾತು. ಡೊಂಬಿವಿಲಿ ಸ್ಟೇಷನ್ನಿನ ಟಿಕೆಟ್ ಕಿಟಕಿಯ ಮುಂದೆ ನೀವು ನಿಂತಿದ್ದೀರಿ. ಮುಂದೆ ಒಬ್ಬರು ಚೀಲದ ತಳದಿಂದ ಒಂದೊಂದೇ ಚಿಲ್ಲರೆ ತೆಗೆದು ಎಣಿಸುತ್ತಿದ್ದಾರೆ. ನಿಮ್ಮ ಕೈಯಲ್ಲಿ ಸರಿಯಾದ ದುಡ್ಡಿದೆ, ಆದರೂ ಕಾಯಬೇಕು. ವೈಫೈ ಗಾಳಿಯೂ ಒಂದು ಕಿಟಕಿ. ಒಂದು ಚಾನೆಲ್‌ನಲ್ಲಿ, ಅಂದರೆ ಬ್ಯಾಂಡಿನೊಳಗಿನ ಒಂದು ದಾರಿಯಲ್ಲಿ, ಒಂದು ಹೊತ್ತಿಗೆ ಒಬ್ಬರ ಸರದಿ. ದೂರದ, ಸಿಗ್ನಲ್ ಕಮ್ಮಿ ಇರುವ ಉಪಕರಣ ನಿಧಾನದ ವೇಗದಲ್ಲಿ ಮಾತಾಡುತ್ತದೆ, ಅಷ್ಟೇ ವಿಷಯಕ್ಕೆ ಹತ್ತು ಪಟ್ಟು ಹೊತ್ತು ತೆಗೆದುಕೊಳ್ಳುತ್ತದೆ. ಅಮ್ಮನ ಯಕ್ಷಗಾನ ಶುರುವಾದ ಕೂಡಲೇ ಟೀವಿ ಹತ್ತಿರ ಕೂತ ನಿಮ್ಮ ಫೋನೂ ನಿಧಾನ ಆದರೆ ಅದು ಇದಕ್ಕೇ. ಅಮ್ಮನ ಹತ್ತಿರ ಒಂದು ರೌಟರ್ ಬಂದರೆ ಎಲ್ಲರಿಗೂ ಲಾಭ.

ಈಗ ಕೇಬಲ್. ಕ್ಯಾಟ್ 6 ಎಂದು ಕೇಳಿ. ಕ್ಯಾಟ್ 5ಇ ಕೂಡ ಸಾಕು, 100 ಮೀಟರಿನವರೆಗೆ ಗಿಗಾಬಿಟ್, ಅಂದರೆ 1000 ಎಂಬಿಪಿಎಸ್, ಹೊರುತ್ತದೆ. ನಿಮಗೆ 20 ಮೀಟರ್ ಬೇಕಾದರೆ ಹೆಚ್ಚು. ಆದರೆ ಪೂರ್ತಿ ತಾಮ್ರದ್ದೇ ಬೇಕು. ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ ಅಗ್ಗದ ಕೇಬಲ್ ಬರುತ್ತದೆ, ಪೆಟ್ಟಿಗೆಯ ಮೇಲೆ ಸಿಸಿಎ ಎಂದು ಸಣ್ಣ ಅಕ್ಷರದಲ್ಲಿ ಇರುತ್ತದೆ, ಇಲ್ಲದೆಯೂ ಇರುತ್ತದೆ. ನಾನೂ ಒಮ್ಮೆ ಅದಕ್ಕೆ ಬಿದ್ದವನೇ. ಎರಡು ಮಳೆಗಾಲ ಕಳೆಯುವ ಹೊತ್ತಿಗೆ ಬಾಗಿಲ ಮೂಲೆಯಲ್ಲಿ ಬಗ್ಗಿಸಿದ ಕಡೆ ಒಳಗೇ ತುಂಡಾಗಿತ್ತು. ಅಂಗಡಿಯಲ್ಲೇ ಪರೀಕ್ಷೆ ಮಾಡಬಹುದು. ಕೇಬಲ್ಲಿನ ತುದಿಯಲ್ಲಿ ಒಂದು ಎಳೆ ಬಿಚ್ಚಿ, ಬ್ಲೇಡಿನಿಂದ ಅದರ ಮೈ ಕೆರೆಯಿರಿ. ಕೆರೆದಷ್ಟೂ ಕೆಂಪು ಕಂಡರೆ ತಾಮ್ರ. ಒಳಗೆ ಬೆಳ್ಳಗೆ ಹೊಳೆದರೆ ಅಲ್ಲೇ ಇಟ್ಟು ಬನ್ನಿ. ಮುಂಬಯಿಯ ಎಲೆಕ್ಟ್ರಾನಿಕ್ಸ್ ಪೇಟೆ ಲ್ಯಾಮಿಂಗ್ಟನ್ ರೋಡಿಗೆ ಹೋಗುವ ಅಭ್ಯಾಸ ಇದ್ದರೆ ಹೋಗಿ, ಇಲ್ಲದಿದ್ದರೆ ಡೊಂಬಿವಿಲಿಯಲ್ಲೇ ಸಿಗುತ್ತದೆ. ಬ್ಲೇಡು ಮಾತ್ರ ಜೇಬಿನಲ್ಲಿರಲಿ.

ನಿಮ್ಮ ಅದೃಷ್ಟಕ್ಕೆ ಗೋಡೆ ಕೊರೆಯುವ ಗೋಜೂ ಇಲ್ಲ, ಬಾಗಿಲು ಇದೆಯಲ್ಲ. ಸ್ಕರ್ಟಿಂಗ್ ಗುಂಟ ಕೇಸಿಂಗ್ ಪಟ್ಟಿ ಹೊಡೆಸಿ, ಬಾಗಿಲ ಚೌಕಟ್ಟಿನ ಮೇಲಿಂದ ದಾಟಿಸಿ. ಕರೆಂಟಿನ ವೈರಿನ ಪೈಪಿನೊಳಗೇ ತೂರಿಸಲು ಎಲೆಕ್ಟ್ರಿಷಿಯನ್ ಹೊರಟರೆ ಬೇಡ ಎನ್ನಿ. ಅಪಾಯವೂ ಹೌದು, ತೊಂದರೆಯೂ ಹೌದು. ಕರೆಂಟ್ ವೈರನ್ನು ಅಡ್ಡ ದಾಟಬೇಕಾದಲ್ಲಿ ನೇರ ಅಡ್ಡವಾಗಿ ದಾಟಿಸಿ, ಅದರ ಜೊತೆ ಉದ್ದಕ್ಕೆ ಓಡಿಸಬೇಡಿ. ಎಲ್ಲಾದರೂ ಕೊರೆಯಲೇಬೇಕೆಂದರೆ ಇಟ್ಟಿಗೆ ಇರುವ ಕಡೆ ಮಾತ್ರ. ಪಿಲ್ಲರು, ಬೀಮು ಮುಟ್ಟಬೇಡಿ.

ಎರಡನೆಯ ರೌಟರ್ ದುಬಾರಿಯದು ಬೇಡ. ಎರಡು ಬ್ಯಾಂಡ್ ಇರಬೇಕು, ಪೋರ್ಟುಗಳು ಗಿಗಾಬಿಟ್ ಇರಬೇಕು. ಸೆಟ್ಟಿಂಗ್‌ನಲ್ಲಿ ಆ್ಯಕ್ಸೆಸ್ ಪಾಯಿಂಟ್ ಮೋಡ್ ಎಂದು ಇದ್ದರೆ ಅದನ್ನು ಒತ್ತಿದರೆ ಮುಗಿಯಿತು. ಅಟ್ಟದ ಮೇಲೆ ಹಳೆಯ ರೌಟರ್ ಬಿದ್ದಿದ್ದರೆ ಅದನ್ನೂ ಬಳಸಬಹುದು, ಸ್ವಲ್ಪ ಕೈಕೆಲಸ ಇದೆ. ಮೊದಲು ಅದನ್ನು ಲ್ಯಾಪ್‌ಟಾಪಿಗೆ ಮಾತ್ರ ಜೋಡಿಸಿ. ಹಳೆಯ ಹಾಲ್‌ನ ದೊಡ್ಡ ಬಾಕ್ಸಿನ ವಿಳಾಸ 192.168.1.1 ಆಗಿದ್ದರೆ ಇದಕ್ಕೆ 192.168.1.2 ಕೊಡಿ. ಡಿಎಚ್‌ಸಿಪಿ ಎಂಬುದನ್ನು ಆಫ್ ಮಾಡಿ. ಆಮೇಲೆ ಕೇಬಲ್ಲನ್ನು ಇದರ ವ್ಯಾನ್ ಪೋರ್ಟಿಗೆ ಹಾಕದೆ ಲ್ಯಾನ್ ಪೋರ್ಟಿಗೆ ಹಾಕಿ. ಡಿಎಚ್‌ಸಿಪಿ ಆಫ್ ಮಾಡಲು ಮರೆತರೆ ಒಂದೇ ಮನೆಗೆ ಇಬ್ಬರು ಯಜಮಾನರಾಗುತ್ತಾರೆ. ಇಬ್ಬರೂ ಫೋನುಗಳಿಗೆ ನಂಬರ್ ಹಂಚಲು ಹೊರಟು, ಯಾವ ಫೋನಿಗೆ ನೆಟ್ ಬರುತ್ತದೆ, ಯಾವುದಕ್ಕೆ ಇಲ್ಲ ಎಂದು ಹೇಳಲಾಗದ ಸ್ಥಿತಿ ಬರುತ್ತದೆ.

ವೈಫೈ ಹೆಸರು ಮತ್ತು ಪಾಸ್‌ವರ್ಡ್ ಎರಡರಲ್ಲೂ ಒಂದೇ ಇರಲಿ, ಚಾನೆಲ್ ಬೇರೆ ಬೇರೆ ಇರಲಿ. ಆ ಆ್ಯಪ್ ತೆರೆದರೆ ನಿಮ್ಮ ಬಿಲ್ಡಿಂಗಿನ ಎಷ್ಟೊಂದು ವೈಫೈಗಳು ಸಾಲಾಗಿ ನಿಂತಿರುವುದು ಕಾಣುತ್ತದೆ. 2.4ರಲ್ಲಿ ಒಂದಕ್ಕೊಂದು ತಾಗದ ಚಾನೆಲ್ ಮೂರೇ: 1, 6, 11. ಒಂದಕ್ಕೆ 1, ಇನ್ನೊಂದಕ್ಕೆ 11 ಕೊಡಿ. ಚಾನೆಲ್ಲಿನ ಅಗಲ 20 ಮೆಗಾಹರ್ಟ್ಸ್‌ನಲ್ಲೇ ಇರಲಿ. 40 ಮಾಡಿದರೆ ಅಕ್ಕಪಕ್ಕದವರ ಗಲಾಟೆಯನ್ನೂ ಒಳಗೆ ಕರೆದ ಹಾಗೆ. ಮೈಕ್ರೋವೇವ್ ಒಲೆ ಕೂಡ ಇದೇ ಬ್ಯಾಂಡಿನಲ್ಲಿ ಗುಂಯ್ ಎನ್ನುತ್ತದೆ. ಮಗನ ಲ್ಯಾಪ್‌ಟಾಪು 5ರಲ್ಲೇ ಇರಲಿ. ಭಾರತದಲ್ಲಿ 2018ರಿಂದ 5 ಜಿಗಾಹರ್ಟ್ಸ್‌ನಲ್ಲಿ ಲೈಸೆನ್ಸ್ ಬೇಡದ ಜಾಗ ಬಹಳ ವಿಸ್ತಾರವಾಗಿದೆ, ಉಸಿರಾಡಲು ಅವಕಾಶವಿದೆ. ಒಂದು ರೌಟರಿಗೆ 36, ಇನ್ನೊಂದಕ್ಕೆ 149 ಕೊಡಿ. ನಡುವಿನ 52ರಿಂದ 144ರವರೆಗಿನ ಚಾನೆಲ್‌ಗಳಲ್ಲಿ ರೌಟರ್ ರೇಡಾರಿಗೆ ದಾರಿ ಬಿಡಬೇಕು. ರೇಡಾರ್ ಕೇಳಿಸಿತು ಎಂದು ಅದಕ್ಕೆ ಅನ್ನಿಸಿದರೆ ಇದ್ದಕ್ಕಿದ್ದಂತೆ ಚಾನೆಲ್ ಬಿಟ್ಟು ಓಡುತ್ತದೆ. ಮಗನ ಮೀಟಿಂಗ್ ನಡುವೆ ಅದು ಬೇಡ.

ಫೋನುಗಳಿಗೆ ಒಂದು ಕೆಟ್ಟ ಚಾಳಿ ಇದೆ. ಹೊಸ ಫ್ಲ್ಯಾಟಿಗೆ ನಡೆದು ಬಂದರೂ ಹಳೆಯ ಹಾಲ್‌ನ ರೌಟರಿಗೇ ಅಂಟಿಕೊಂಡಿರುತ್ತವೆ. ಎರಡೂ ರೌಟರಿನಲ್ಲಿ ಟ್ರಾನ್ಸ್‌ಮಿಟ್ ಪವರ್ ಎಂದು ಇದ್ದರೆ ಹೈ ಇದ್ದದ್ದನ್ನು ಮೀಡಿಯಂ ಮಾಡಿ. ಸಿಗ್ನಲ್ ಬೇಕು ಎಂದು ಕೇಳಿದವರಿಗೆ ಕಮ್ಮಿ ಮಾಡಿ ಎನ್ನುತ್ತಿದ್ದೇನೆ, ಆದರೆ ಹೀಗೆ ಮಾಡಿದರೆ ಫೋನು ಬೇಗ ಹಳೆಯದನ್ನು ಬಿಟ್ಟು ಹತ್ತಿರದ್ದನ್ನು ಹಿಡಿಯುತ್ತದೆ.

ಮೆಶ್ ಬಗ್ಗೆ ಕೇಳಿದ್ದೀರಿ. ಮೆಶ್ ಒಳ್ಳೆಯದೇ. ಈ ಅಂಟಿಕೊಳ್ಳುವ ಚಾಳಿಯನ್ನು ಅದು ತಾನೇ ಸಂಭಾಳಿಸುತ್ತದೆ, ಸೆಟ್ಟಿಂಗ್ ಸುಲಭ. ಆದರೆ ವೈರಿಲ್ಲದ ಮೆಶ್ಶಿನ ಎರಡು ಡಬ್ಬಿಗಳೂ ಅದೇ ಗೋಡೆ, ಅದೇ ಕಪಾಟು ದಾಟಿಯೇ ಮಾತಾಡಬೇಕು. ಮೆಶ್ ಕೊಂಡರೂ ಅದರ ಎರಡು ಡಬ್ಬಿಗಳ ನಡುವೆ ವೈರು ಹಾಕಿ ಎಂದೇ ನಾನು ಹೇಳುವವನು. ಹಾಗಿದ್ದಾಗ ಮೊದಲು ವೈರು, ದುಡ್ಡು ಮಿಕ್ಕಿದರೆ ಮೆಶ್. ಹೊಸ ಟವರುಗಳಲ್ಲಿ ಇರುವ ಓದುಗರಿಗೆ ಮಾತ್ರ ಬೇರೆ ಮಾತು. ಮೈವಾನ್ ಎಂಬ ಅಲ್ಯೂಮಿನಿಯಂ ಅಚ್ಚಿನಲ್ಲಿ ಕಾಂಕ್ರೀಟ್ ಸುರಿದು ಕಟ್ಟಿದ ಮನೆಗಳಲ್ಲಿ ಒಳಗೋಡೆಯೂ ಸರಳಿನ ಕಾಂಕ್ರೀಟೇ. ಅಲ್ಲಿ ಒಂದು ಗೋಡೆ ದಾಟುವುದರೊಳಗೆ 5 ಜಿಗಾಹರ್ಟ್ಸ್ ಮಂಕಾಗುತ್ತದೆ. ಬಿಲ್ಡರ್ ಕೋಣೆಕೋಣೆಗೆ ಟೀವಿ, ಟೆಲಿಫೋನಿಗೆಂದು ಹಾಕಿಸಿದ ಪೈಪು ಇರುತ್ತದೆಯೇ ನೋಡಿ, ಅದರಲ್ಲಿ ಲ್ಯಾನ್ ಕೇಬಲ್ ಎಳೆಸಿ.

ಕರೆಂಟಿನ ವೈರಿನಲ್ಲೇ ನೆಟ್ ಕಳಿಸುವ ಪವರ್‌ಲೈನ್ ಅಡಾಪ್ಟರ್ ಎಂಬುದನ್ನು ಯಾರಾದರೂ ನಿಮಗೆ ತೋರಿಸಿಯಾರು. ಜೋಡಿ ಫ್ಲ್ಯಾಟಿಗೆ ಸಾಮಾನ್ಯವಾಗಿ ಎರಡು ಕರೆಂಟ್ ಮೀಟರ್ ಇರುತ್ತದೆ. ಈ ಫ್ಲ್ಯಾಟಿನ ಪ್ಲಗ್ಗಿಗೂ ಆ ಫ್ಲ್ಯಾಟಿನ ಪ್ಲಗ್ಗಿಗೂ ಸಂಬಂಧ ಸಿಗುವುದು ಕೆಳಗೆ ಮೀಟರ್ ರೂಮಿನಲ್ಲಿ. ಅಷ್ಟು ದೂರ ಸುತ್ತಿ, ಎರಡು ಮೀಟರ್ ದಾಟಿ ಬರುವ ನೆಟ್ಟನ್ನು ನಂಬಬೇಡಿ.

ಎಲ್ಲ ಆದಮೇಲೆ ಮಗನ ಲ್ಯಾಪ್‌ಟಾಪನ್ನು ಕೇಬಲ್ಲಿನಿಂದಲೇ ಹೊಸ ರೌಟರಿಗೆ ಜೋಡಿಸಿ ವೇಗ ನೋಡಿ. 94ರ ಹತ್ತಿರ ಬಂದರೆ ನಿಮ್ಮ 100ರ ಪ್ಲಾನ್‌ಗೆ ಅದು ಸಾಕು. ಆದರೆ ಲ್ಯಾಪ್‌ಟಾಪಿನಲ್ಲಿ ಲಿಂಕ್ ಸ್ಪೀಡ್ 1000 ಎಂದು ತೋರಿಸುತ್ತದೆಯೇ, 100 ಎಂದೇ ನೋಡಿ. ನಡುವಿನ ಕೇಬಲ್ಲನ್ನೇ ಹೊಸ ರೌಟರಿನಿಂದ ಬಿಡಿಸಿ ನೇರ ಲ್ಯಾಪ್‌ಟಾಪಿಗೆ ಹಾಕಿಯೂ ಹೀಗೇ ನೋಡಿ. 100 ಎಂದಿದ್ದರೆ ಕೇಬಲ್ಲಿನ ಎಂಟು ಎಳೆಗಳಲ್ಲಿ ಯಾವುದೋ ಒಂದು ಜ್ಯಾಕಿನೊಳಗೆ ಸರಿಯಾಗಿ ಕೂತಿಲ್ಲ, ಅಥವಾ ದೊಡ್ಡ ಬಾಕ್ಸಿನ ಆ ಪೋರ್ಟೇ 100ರದ್ದು. ಕೆಲವು ಬಾಕ್ಸುಗಳಲ್ಲಿ ಒಂದು ಪೋರ್ಟು ಮಾತ್ರ ಗಿಗಾಬಿಟ್ ಇರುತ್ತದೆ. ಪೋರ್ಟ್ ಬದಲಿಸಿ ನೋಡಿ, ಆಗದಿದ್ದರೆ ಕೇಬಲ್ ಹಾಕಿದವನನ್ನು ಕರೆದು ಜ್ಯಾಕ್ ಮತ್ತೆ ಕ್ರಿಂಪ್ ಮಾಡಿಸಿ. ದುಡ್ಡು ಕೊಡುವ ಮೊದಲೇ ಇದನ್ನು ನೋಡಿದರೆ ಒಳ್ಳೆಯದು. ಎರಡು ರೌಟರಿಗೂ ಸಣ್ಣ 12 ವೋಲ್ಟಿನ ಯುಪಿಎಸ್ ಸಿಗುತ್ತದೆ. ಮಳೆಗಾಲದಲ್ಲಿ ಕರೆಂಟ್ ಕಣ್ಣು ಮಿಟುಕಿಸಿದಾಗ ಮೀಟಿಂಗ್ ಕಡಿಯದಂತೆ ಅಷ್ಟು ಸಾಕು. ಕೊಳ್ಳುವ ಮುಂಚೆ ರೌಟರಿನ ಅಡಾಪ್ಟರ್ ಮೇಲೆ ವೋಲ್ಟು ಎಷ್ಟಿದೆ ಎಂದು ಓದಿಕೊಳ್ಳಿ.

ಕೊನೆಗೆ ರಿಪೀಟರನ್ನು ಪ್ಲಗ್ಗಿನಿಂದ ತೆಗೆದು, ಅದು ಬೇರೆ ಹೆಸರಿನಲ್ಲಿ ವೈಫೈ ಕೊಡುತ್ತಿದ್ದರೆ ಆ ಹೆಸರನ್ನು ಎಲ್ಲ ಫೋನುಗಳಿಂದ ಅಳಿಸಿ. ಅಮ್ಮನ ಟ್ಯಾಬಿನಿಂದಲೂ.